ಬಣ್ಣ ನೋಡಿ ದೂರ ಹೇಳುವ ವಿದ್ಯೆ

ಹುಣಸೂರಿನಿಂದ ನಾಗರಹೊಳೆಯ ದಾರಿ ಹಿಡಿದರೆ ಕಾಡು ಶುರುವಾಗುವಲ್ಲಿ ವೀರನಹೊಸಹಳ್ಳಿ ಸಿಗುತ್ತದೆ. ದಸರಾ ಆನೆಗಳ ಗಜಪಯಣ ಇಲ್ಲಿಂದ ಹೊರಡುವುದರಿಂದ ವರ್ಷಕ್ಕೊಮ್ಮೆ ಈ ಊರಿನ ಹೆಸರು ಪತ್ರಿಕೆಗಳಲ್ಲಿ ಬರುತ್ತದೆ. ಆಕಾಶ ನೋಡುವವರಿಗೂ ಈ ಊರಿನಿಂದ ಒಂದು ಅನುಕೂಲವಿದೆ. ಭೂಮಧ್ಯರೇಖೆಯಿಂದ ಸುಮಾರು 12 ಡಿಗ್ರಿ ಉತ್ತರಕ್ಕಿರುವ ಇಲ್ಲಿ ನಮ್ಮ ಆಕಾಶಗಂಗೆಯ ಎರಡು ಧ್ರುವಗಳೂ ದಿಗಂತದಿಂದ ಸಾಕಷ್ಟು ಮೇಲೇರುತ್ತವೆ. ಉತ್ತರ ಧ್ರುವ ಇರುವುದು ಕೃಷ್ಣವೇಣಿ ಪುಂಜದಲ್ಲಿ. ಮೇ ತಿಂಗಳ ಉತ್ತರಾರ್ಧದಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ ಅದು 75 ಡಿಗ್ರಿ ಎತ್ತರದಲ್ಲಿ, ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತದೆ. ಶಿಲ್ಪಿ ಪುಂಜದಲ್ಲಿರುವ ದಕ್ಷಿಣ ಧ್ರುವ ನವೆಂಬರ್ ರಾತ್ರಿಗಳಲ್ಲಿ 51 ಡಿಗ್ರಿಗೆ ಏರುತ್ತದೆ. ಲಡಾಖಿನ ಹಾನ್ಲೆಯಿಂದ ನೋಡಿದರೆ ಅದೇ ದಕ್ಷಿಣ ಧ್ರುವ 30 ಡಿಗ್ರಿಯ ಆಸುಪಾಸಿನಲ್ಲೇ ನಿಂತುಬಿಡುತ್ತದೆ.

ಈ ಧ್ರುವಗಳ ದಿಕ್ಕಿಗೆ ಇಷ್ಟು ಮಹತ್ವ ಏಕೆ? ಆಕಾಶಗಂಗೆ ಚಪ್ಪಟೆ ತಟ್ಟೆಯಂತಿದೆ, ಸೂರ್ಯ ಅದರ ನಡುತಳಕ್ಕೆ ತೀರ ಹತ್ತಿರದಲ್ಲಿದ್ದಾನೆ. ತಟ್ಟೆಯ ಉದ್ದಕ್ಕೆ ನೋಡಿದರೆ ನಕ್ಷತ್ರಗಳ ಜಂಗುಳಿ ಕಾಣುತ್ತದೆ, ಜೊತೆಗೆ ಅವುಗಳ ಬೆಳಕನ್ನು ಮಸುಕಾಗಿಸಿ ಕೆಂಪಾಗಿಸುವ ಧೂಳು. ತಟ್ಟೆಗೆ ಲಂಬವಾಗಿ ನೋಡಿದರೆ ಕೆಲವು ನೂರು ಜ್ಯೋತಿರ್ವರ್ಷಗಳಲ್ಲೇ ಧೂಳಿನ ಬಹುಪಾಲು ಹಿಂದೆ ಸರಿದು ನೋಟ ದೂರದ ಗ್ಯಾಲಕ್ಸಿಗಳವರೆಗೂ ಹೋಗುತ್ತದೆ. ನಡುವೆ ವಿರಳವಾಗಿ ಚದುರಿರುವ ನಕ್ಷತ್ರಗಳಲ್ಲಿ ಹೆಚ್ಚಿನವು ಬಹಳ ಹಳೆಯವು. ಖಗೋಳದವರು ಲೋಹ ಎಂದು ಕರೆಯುವ, ಹೀಲಿಯಮ್ಮಿಗಿಂತ ಭಾರವಾದ ಧಾತುಗಳು ಅವುಗಳಲ್ಲಿ ಕಡಿಮೆ. ಆಕಾಶಗಂಗೆ ಹುಟ್ಟಿ ಬೆಳೆದ ಬಗೆಗೆ ಸಾಕ್ಷಿ ಹೇಳಬಲ್ಲವು ಇವೇ. ತೊಡಕೆಂದರೆ ಇವು ಮಸುಕು. ಸೂರ್ಯನನ್ನೇ 3,260 ಜ್ಯೋತಿರ್ವರ್ಷ ದೂರಕ್ಕೆ ಒಯ್ದರೆ ಅವನ ಕಾಂತಿಮಾನ (ಈ ಅಂಕಿ ಹೆಚ್ಚಿದಷ್ಟೂ ಬೆಳಕು ಕಡಿಮೆ) 15ರ ಹತ್ತಿರಕ್ಕೆ ಬರುತ್ತದೆ, ಅಂದರೆ ಬರಿಗಣ್ಣಿಗೆ ಕಾಣುವ ಕಟ್ಟಕಡೆಯ ನಕ್ಷತ್ರಕ್ಕಿಂತ ಸುಮಾರು ನಾಲ್ಕು ಸಾವಿರ ಪಟ್ಟು ಮಸುಕು. ಅಂಥ ಪ್ರತಿಯೊಂದರ ರೋಹಿತ, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಚಿತ್ರ, ತೆಗೆಯುವುದೆಂದರೆ ದೊಡ್ಡ ದೂರದರ್ಶಕಗಳ ಬಹಳಷ್ಟು ಹೊತ್ತನ್ನು ಒಂದೊಂದಕ್ಕೇ ಮೀಸಲಿಡಬೇಕು. ಆದ್ದರಿಂದ ಬಳಕೆಗೆ ಬಂದದ್ದು ದ್ಯುತಿಮಾಪನ, ಅಂದರೆ ಫೋಟೋಮೆಟ್ರಿ: ಕೆಲವೇ ಬಣ್ಣದ ಶೋಧಕಗಳ ಮೂಲಕ ಬೆಳಕನ್ನು ಅಳೆದು, ಒಂದೇ ಚಿತ್ರದಲ್ಲಿ ಸಾವಿರಾರು ನಕ್ಷತ್ರಗಳ ಲೆಕ್ಕ ಒಟ್ಟಿಗೆ ಹಿಡಿಯುವ ವಿಧಾನ.

ಈ ವಿಧಾನದ ಸಾಧನೆ ದೊಡ್ಡದು. ಆದರೆ ಸಾಧನೆಯನ್ನು ಹೊಗಳುವಾಗ ನಾವು ಸಾಮಾನ್ಯವಾಗಿ ನಕ್ಷತ್ರಗಳ ಸಂಖ್ಯೆ ಎತ್ತಿ ಹೇಳುತ್ತೇವೆ: ಇಷ್ಟು ಲಕ್ಷ, ಇಷ್ಟು ಕೋಟಿ. ಆ ಹೊಗಳಿಕೆಯ ಬಗ್ಗೆಯೇ ನನ್ನ ತಕರಾರು. ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ತಿಳಿವಳಿಕೆ ಗಟ್ಟಿಯಾಗುವುದಿಲ್ಲ. ಬೆಳಕನ್ನು ಅಳೆಯುವಲ್ಲಿ ತಪ್ಪಾಗುವುದು ಈಗ ಅಪರೂಪ. ಅಳೆದ ಬಣ್ಣದಿಂದ ದೂರಕ್ಕೆ ಹೋಗುವ ದಾರಿಯಲ್ಲಿ ಸದ್ದಿಲ್ಲದೆ ಒಪ್ಪಿಕೊಂಡ ಮಾತುಗಳಲ್ಲಿಯೇ ತಪ್ಪು ಅಡಗಿರುತ್ತದೆ. ಈ ಕ್ಷೇತ್ರದ ಮುಖ್ಯ ಕೃತಿಗಳನ್ನು ಆ ಒಪ್ಪಿಗೆಗಳ ಬೆಳಕಿನಲ್ಲಿ ಓದಿದರೆ ಯಾವುದು ಉಳಿಯಿತು, ಯಾವುದು ಅಲುಗಿತು, ಏಕೆ ಎಂಬುದು ಸ್ಪಷ್ಟವಾಗುತ್ತದೆ.

ಮೊದಲು ಒಂದು ಸಾಮಾನ್ಯ ಗೊಂದಲ. ಆಕಾಶಗಂಗೆಯ ಪಟ್ಟೆಯಿಂದ ದೂರದ ದಿಕ್ಕಿನಲ್ಲಿ ಕಾಣುವ ನಕ್ಷತ್ರವೆಲ್ಲ ಅದರ ತಳದಿಂದ ದೂರದಲ್ಲಿದೆ ಎಂದಲ್ಲ. ಬೇಸಾಯದವರಿಗೆ ಮಳೆಯ ಹೆಸರಿನಿಂದ ಪರಿಚಿತವಾದ ಚಿತ್ತೆ, ಸ್ವಾತಿ ಎರಡೂ ಧ್ರುವದ ಕಡೆಯ ಆಕಾಶದಲ್ಲಿವೆ. ನೀಲಿ ಛಾಯೆಯ ಚಿತ್ತೆ ಸುಮಾರು 250 ಜ್ಯೋತಿರ್ವರ್ಷ ದೂರದ, ಎಳೆಯ ಬಿಸಿ ನಕ್ಷತ್ರ. ಲಂಬವಾಗಿ ಲೆಕ್ಕ ಹಾಕಿದರೆ ನಮ್ಮಿಂದ ಸುಮಾರು 200 ಜ್ಯೋತಿರ್ವರ್ಷ ಮೇಲಿದೆ, ತಟ್ಟೆಯೊಳಗೇ ಇದೆ. ಕಿತ್ತಳೆ ಬಣ್ಣದ ಸ್ವಾತಿ ಬರೀ 37 ಜ್ಯೋತಿರ್ವರ್ಷ ದೂರದ ನೆರೆಯದು. ಆದರೆ ಅದರಲ್ಲಿ ಕಬ್ಬಿಣ ಸೂರ್ಯನಲ್ಲಿರುವುದರ ಸುಮಾರು ಮೂರನೇ ಒಂದು ಪಾಲು, ಅದರ ಓಟವೂ ಉಳಿದ ನೆರೆಹೊರೆಯವಕ್ಕಿಂತ ಬೇರೆ. ತಳದಿಂದ ಬಹುದೂರ ಏರಿ ಇಳಿಯುವ ಹಳೆಯ ಸಮೂಹದ್ದೆಂದು ಅದನ್ನು ಬಹುಮಂದಿ ಗಣಿಸುತ್ತಾರೆ. ದೂರದ ದಿಕ್ಕಿನಲ್ಲಿ ಕಾಣುವ ಚಿತ್ತೆ ತಟ್ಟೆಯದೇ, ಹತ್ತಿರವೇ ಇರುವ ಸ್ವಾತಿ ಹೊರಗಿನದು. ಹೀಗಾಗಿ ದಿಕ್ಕೊಂದನ್ನೇ ನೆಚ್ಚಿಕೊಂಡರೆ ಕೆಲಸವಾಗದು, ದೂರ ಗೊತ್ತಾಗಬೇಕು. ಆ ದೂರವನ್ನು ಬಣ್ಣದಿಂದ ತಿಳಿಯುವುದು ಹೇಗೆ ಎಂಬುದೇ ಪ್ರಶ್ನೆ.

ಅಳತೆಗೋಲಿನ ಇತಿಹಾಸ ನಮ್ಮ ಕಡೆಗೂ ಸಂಬಂಧಪಟ್ಟದ್ದು. ಐದು ಕಾಂತಿಮಾನದ ವ್ಯತ್ಯಾಸಕ್ಕೆ ಬೆಳಕಿನಲ್ಲಿ ಸರಿಯಾಗಿ ನೂರು ಪಟ್ಟು ಎಂಬ ನಿಯಮವನ್ನು 1856ರಲ್ಲಿ ಸೂಚಿಸಿದ ನಾರ್ಮನ್ ಪಾಗ್ಸನ್ 1861ರಿಂದ 1891ರಲ್ಲಿ ತೀರಿಕೊಳ್ಳುವವರೆಗೆ ಮದರಾಸು ವೀಕ್ಷಣಾಲಯದಲ್ಲಿದ್ದರು. ಆ ವೀಕ್ಷಣಾಲಯದ ಪರಂಪರೆಯೇ ಕೊಡೈಕೆನಾಲ್ ಮೂಲಕ ಹಾದು ಇಂದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯಾಗಿದೆ. ಪಾಗ್ಸನ್‌ರ ಕಾಲದಲ್ಲಿ ಕಣ್ಣೇ ಉಪಕರಣ. 1953ರಲ್ಲಿ ಹೆರಾಲ್ಡ್ ಜಾನ್ಸನ್ ಮತ್ತು ವಿಲಿಯಂ ಮಾರ್ಗನ್ ನೇರಳಾತೀತ, ನೀಲಿ, ಹಳದಿ-ಹಸಿರು ಎಂಬ ಮೂರು ಪಟ್ಟಿಗಳ ವ್ಯವಸ್ಥೆಯನ್ನು ನಿಗದಿಪಡಿಸಿದ ಮೇಲೆ ಬಣ್ಣಕ್ಕೂ ಅಂಕಿ ಬಂತು. ನೀಲಿಯ ಕಾಂತಿಮಾನದಿಂದ ಹಳದಿಯದನ್ನು ಕಳೆದರೆ ಚಿತ್ತೆಗೆ ಬರುವ ಅಂಕಿ ಸುಮಾರು ಮೈನಸ್ 0.2, ಸ್ವಾತಿಗೆ 1.2.

ಈ ಅಂಕಿ ಏನು ಹೇಳುತ್ತದೆ? ಕಟ್ಟೆಮಳಲವಾಡಿಯ ಹರಾಜು ಮಾರುಕಟ್ಟೆಯಲ್ಲಿ ಹೊಗೆಸೊಪ್ಪಿನ ಬೇಲ್‌ಗಳ ಸಾಲಿನ ಮುಂದೆ ನಡೆದು ಹೋಗುವ ಅನುಭವಸ್ಥರು ಎಲೆಯ ಬಣ್ಣ ನೋಡಿಯೇ ಗ್ರೇಡ್ ಹೇಳುತ್ತಾರೆ. ಬಹಳ ಸಲ ಅವರ ಮಾತು ಸರಿಯಿರುತ್ತದೆ. ಆದರೂ ಬಣ್ಣ ಹಾಗೆ ಬರಲು ಎಲೆ ಮಾಗಿದ್ದು ಕಾರಣವೋ, ಬ್ಯಾರನ್ನಿನ ಕಾವು ಕಾರಣವೋ, ಹೊಲದ ಮಣ್ಣು ಕಾರಣವೋ ಎಂಬುದು ಬೆಳೆದ ರೈತನಿಗೆ ಗೊತ್ತು, ಬಣ್ಣಕ್ಕೆ ಗೊತ್ತಿಲ್ಲ. ನಕ್ಷತ್ರದ್ದೂ ಹಾಗೇ. ಅದು ಕೆಂಪಾಗಿ ಕಾಣುವುದು ತಣ್ಣಗಿರುವುದರಿಂದ ಇರಬಹುದು, ನಡುವಿನ ಧೂಳಿನಿಂದಲೂ ಇರಬಹುದು. ನೀಲಿಯಾಗಿ ಕಾಣುವುದು ಬಿಸಿಯಿಂದ ಇರಬಹುದು, ಲೋಹದ ಕೊರತೆಯಿಂದಲೂ ಇರಬಹುದು. ಲೋಹದ ಪರಮಾಣುಗಳು ನೇರಳಾತೀತ ಮತ್ತು ನೀಲಿ ಬೆಳಕನ್ನು ಹೆಚ್ಚು ಹೀರುವುದರಿಂದ ಅವು ಕಡಿಮೆಯಾದಂತೆ ಆ ಬೆಳಕು ಹೆಚ್ಚು ಹೊರಬರುತ್ತದೆ. ಇನ್ನು ಒಂದೇ ಬಣ್ಣದ ನಕ್ಷತ್ರ ಕುಬ್ಜವೂ ಆಗಿರಬಹುದು, ದೈತ್ಯವೂ ಆಗಿರಬಹುದು. ತಣ್ಣಗಿನ ಕಿತ್ತಳೆ ನಕ್ಷತ್ರಗಳಲ್ಲಿ ಇವೆರಡರ ನಿಜ ಪ್ರಕಾಶದ ನಡುವೆ ಐದು ಕಾಂತಿಮಾನದಷ್ಟು ಅಂತರವಿರಬಲ್ಲದು. ದೈತ್ಯವನ್ನು ಕುಬ್ಜವೆಂದು ಎಣಿಸಿದರೆ ದೂರ ಹತ್ತರಲ್ಲಿ ಒಂದು ಪಾಲಾಗಿಬಿಡುತ್ತದೆ.

ಅಂದರೆ ಬಣ್ಣದ ಹಿಂದೆ ನಾಲ್ಕು ಸಂಗತಿಗಳಿವೆ: ಬಿಸಿ, ಲೋಹ, ಗಾತ್ರ, ಧೂಳು. ತಟ್ಟೆಯ ತಳದಲ್ಲಿ ನಾಲ್ಕೂ ಕಲಸಿಹೋಗಿರುತ್ತವೆ. ತಳದಿಂದ ದೂರದ ದಿಕ್ಕಿನಲ್ಲಿ ಧೂಳು ಬಹುಮಟ್ಟಿಗೆ ಲೆಕ್ಕದಿಂದ ಹೊರಗೆ ಹೋಗುತ್ತದೆ. ದ್ಯುತಿಮಾಪನಕ್ಕೆ ಈ ಪ್ರದೇಶ ಹೇಳಿ ಮಾಡಿಸಿದಂತಿರುವುದು ಈ ಕಾರಣಕ್ಕೆ. ಉಳಿದ ಮೂರನ್ನು ಬಿಡಿಸುವುದರಲ್ಲಿ ಒಬ್ಬೊಬ್ಬರು ಒಂದೊಂದು ಜಾಣ್ಮೆ ತೋರಿದ್ದಾರೆ, ಒಂದೊಂದು ಕಡೆ ಎಡವಿದ್ದಾರೆ.

ಲೋಹದ ಗಂಟನ್ನು ಮೊದಲು ಸಡಿಲಿಸಿದವರಲ್ಲಿ ನ್ಯಾನ್ಸಿ ರೋಮನ್ ಒಬ್ಬರು. ವೇಗವಾಗಿ ಓಡುವ ಕೆಲವು ನಕ್ಷತ್ರಗಳಲ್ಲಿ ನೇರಳಾತೀತ ಬೆಳಕು ಅವುಗಳ ಬಣ್ಣಕ್ಕೆ ತಕ್ಕದ್ದಕ್ಕಿಂತ ಹೆಚ್ಚಿದೆ ಎಂಬುದನ್ನು 1954ರಲ್ಲಿ ಅವರು ಗುರುತಿಸಿದರು. ಈ ಹೆಚ್ಚುವರಿಯೇ ಲೋಹದ ಕೊರತೆಯ ಗುರುತು. ಇದನ್ನೇ ಆಧಾರವಾಗಿಟ್ಟುಕೊಂಡು 1962ರಲ್ಲಿ ಓಲಿನ್ ಎಗ್ಗೆನ್, ಡೊನಾಲ್ಡ್ ಲಿಂಡೆನ್-ಬೆಲ್, ಆಲನ್ ಸ್ಯಾಂಡೇಜ್ 221 ನಕ್ಷತ್ರಗಳ ಅಧ್ಯಯನ ಪ್ರಕಟಿಸಿದರು. ನೇರಳಾತೀತ ಹೆಚ್ಚಿದ್ದಷ್ಟೂ ನಕ್ಷತ್ರದ ಕಕ್ಷೆ ಹೆಚ್ಚು ನೀಳವಾಗಿದೆ, ತಳದಿಂದ ಹೆಚ್ಚು ಎತ್ತರಕ್ಕೆ ಹೋಗುತ್ತದೆ ಎಂದು ಅವರು ತೋರಿಸಿದರು. ಆಕಾಶಗಂಗೆ ಒಂದು ದೊಡ್ಡ ಅನಿಲರಾಶಿ ಕೆಲವೇ ಹತ್ತು ಕೋಟಿ ವರ್ಷಗಳಲ್ಲಿ ಕುಸಿದು ಆದದ್ದು ಎಂಬುದು ಅವರ ತೀರ್ಮಾನ.

ಕೇವಲ 221 ನಕ್ಷತ್ರಗಳಿಂದ ಇಡೀ ಗ್ಯಾಲಕ್ಸಿಯ ಜನ್ಮಕತೆ ಕಟ್ಟಿದ ಧೈರ್ಯ ಇಂದಿಗೂ ಮೆಚ್ಚುವಂಥದ್ದು. ಕೊರತೆ ಇರುವುದು ನಕ್ಷತ್ರಗಳನ್ನು ಆರಿಸಿದ ಬಗೆಯಲ್ಲಿ. ವೇಗವಾಗಿ ಓಡುವವನ್ನೇ ಹುಡುಕಿ ಪಟ್ಟಿಗೆ ಸೇರಿಸಿಕೊಂಡಿದ್ದರಿಂದ, ಲೋಹ ಕಡಿಮೆಯಿದ್ದೂ ಸಾಧಾರಣ ವೇಗದವು ಪಟ್ಟಿಯ ಹೊರಗುಳಿಯುವ ಸಂಭವ ಹೆಚ್ಚಿತ್ತು. 1978ರಲ್ಲಿ ಲಿಯೊನಾರ್ಡ್ ಸರ್ಲ್ ಮತ್ತು ರಾಬರ್ಟ್ ಝಿನ್ ದೂರದ ಗೋಳಗುಚ್ಛಗಳನ್ನು, ಅಂದರೆ ಗೋಳಾಕಾರದ ನಕ್ಷತ್ರಗುಂಪುಗಳನ್ನು, ನೋಡಿ ಬೇರೆ ಮಾತು ಹೇಳಿದರು: ಆಕಾಶಗಂಗೆಯ ಹೊರವಲಯ ಒಂದೇ ಕುಸಿತದಿಂದ ಆದದ್ದಲ್ಲ, ಬಿಡಿ ತುಣುಕುಗಳು ಬಂದು ಸೇರಿ ಆದದ್ದು. 2018ರಲ್ಲಿ ಗಾಯಾ ಉಪಗ್ರಹದ ಅಳತೆಗಳಿಂದ, ಸುಮಾರು ಸಾವಿರ ಕೋಟಿ ವರ್ಷಗಳ ಹಿಂದೆ ಆಕಾಶಗಂಗೆ ಇನ್ನೊಂದು ಗ್ಯಾಲಕ್ಸಿಯನ್ನು ನುಂಗಿದ ಗುರುತು ಸಿಕ್ಕಿತು. 1962ರ ಪಟ್ಟಿಯಲ್ಲಿದ್ದ ನೀಳ ಕಕ್ಷೆಯ ನಕ್ಷತ್ರಗಳಂಥವೇ ಈಗ ಆ ನುಂಗಿದ ಗ್ಯಾಲಕ್ಸಿಯ ಅವಶೇಷಗಳೆಂದು ತಿಳಿಯಲಾಗಿದೆ. ಬಣ್ಣದ ಅಳತೆ ಹಾಗೇ ನಿಂತಿತು, ಅದರ ಮೇಲೆ ಕಟ್ಟಿದ ಕತೆ ಬಿತ್ತು.

ಎರಡನೆಯ ಕೃತಿ ಗೆರಾರ್ಡ್ ಗಿಲ್ಮೋರ್ ಮತ್ತು ನೀಲ್ ರೀಡ್ ಅವರ 1983ರ ಪ್ರಬಂಧ. ದಕ್ಷಿಣ ಧ್ರುವದ ದಿಕ್ಕಿನಲ್ಲಿ ಫೋಟೋ ಫಲಕಗಳಿಂದ ಎರಡೇ ಬಣ್ಣ ಅಳೆದು, ಹನ್ನೆರಡು ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ದೂರವನ್ನು ಬಣ್ಣದಿಂದಲೇ ಅಂದಾಜಿಸಿ, ತಳದಿಂದ ಮೇಲೇರಿದಂತೆ ನಕ್ಷತ್ರಗಳು ಹೇಗೆ ವಿರಳವಾಗುತ್ತವೆ ಎಂದು ಅವರು ಎಣಿಸಿದರು. ಒಂದೇ ತಟ್ಟೆಯಿಂದ ಆ ಎಣಿಕೆ ಹೊಂದಲಿಲ್ಲ. ಸುಮಾರು 1,000 ಜ್ಯೋತಿರ್ವರ್ಷ ದಪ್ಪದ ತೆಳು ತಟ್ಟೆಯ ಜೊತೆಗೆ ಸುಮಾರು 4,700 ಜ್ಯೋತಿರ್ವರ್ಷ ದಪ್ಪದ ಇನ್ನೊಂದು ಬೇಕಾಯಿತು. ಇಲ್ಲಿ ದಪ್ಪ ಎಂದರೆ ನಕ್ಷತ್ರಗಳ ಸಾಂದ್ರತೆ ಸುಮಾರು ಮೂರನೇ ಒಂದಕ್ಕೆ ಇಳಿಯುವ ಎತ್ತರ. ‘ದಪ್ಪ ತಟ್ಟೆ’ ಪಠ್ಯಪುಸ್ತಕಕ್ಕೆ ಬಂದದ್ದು ಹೀಗೆ.

ಈ ಕೆಲಸದ ಹಿರಿಮೆ ಪೂರ್ಣ ಎಣಿಕೆಯಲ್ಲಿದೆ. ಒಂದು ಮಿತಿಯವರೆಗಿನ ನಕ್ಷತ್ರಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡಿದ್ದರಿಂದ 1962ರ ಆಯ್ಕೆಯ ದೋಷ ಇಲ್ಲಿಲ್ಲ. ಆದರೆ ಬಣ್ಣ ದೂರವಾಗಬೇಕಾದರೆ ಎರಡು ಒಪ್ಪಿಗೆ ಬೇಕು: ನೋಡುತ್ತಿರುವುದು ಕುಬ್ಜ ನಕ್ಷತ್ರವನ್ನೇ ಎಂಬುದೊಂದು, ಅದರ ಲೋಹಪ್ರಮಾಣ ಇಷ್ಟು ಎಂಬುದಿನ್ನೊಂದು. ಲೋಹ ತೀರ ಕಡಿಮೆಯಿರುವ ಕುಬ್ಜ ಅದೇ ಬಣ್ಣದ ಸೂರ್ಯನಂಥ ಕುಬ್ಜಕ್ಕಿಂತ ಒಂದು ಕಾಂತಿಮಾನದವರೆಗೂ ಮಂಕಾಗಿರಬಲ್ಲದು. ಅದನ್ನು ಗಮನಿಸದಿದ್ದರೆ ದೂರ ಸುಮಾರು ಒಂದೂವರೆ ಪಟ್ಟು ಉಬ್ಬುತ್ತದೆ.

2008ರಲ್ಲಿ ಸ್ಲೋನ್ ಎಂಬ ಆಕಾಶ ಸಮೀಕ್ಷೆಯ ಐದು ಪಟ್ಟಿಗಳ ಬಣ್ಣ ಬಳಸಿ ಮಾರಿಯೊ ಯೂರಿಚ್ ಮತ್ತು ಸಂಗಡಿಗರು ಸುಮಾರು 4.8 ಕೋಟಿ ನಕ್ಷತ್ರಗಳ ಮೂರು ಆಯಾಮದ ನಕ್ಷೆ ಬಿಡಿಸಿದರು. ದಪ್ಪ ತಟ್ಟೆ ಅಲ್ಲಿ 2,900 ಜ್ಯೋತಿರ್ವರ್ಷಕ್ಕೆ ಇಳಿಯಿತು. ಈ ಪ್ರಬಂಧದಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ನಕ್ಷತ್ರಗಳ ಸಂಖ್ಯೆಯಲ್ಲ, ಒಂದು ತಿದ್ದುಪಡಿ. ಒಂದೇ ಚುಕ್ಕೆಯಾಗಿ ಕಾಣುವುದು ನಿಜಕ್ಕೂ ಜೋಡಿ ನಕ್ಷತ್ರವಾಗಿದ್ದರೆ ಅದು ಇರುವುದಕ್ಕಿಂತ ಹತ್ತಿರದ್ದೆಂದು ತೋರುತ್ತದೆ. ನೂರಕ್ಕೆ 35 ಜೋಡಿಗಳಿವೆ ಎಂದಿಟ್ಟುಕೊಂಡರೆ, ನೇರ ಎಣಿಕೆಯಲ್ಲಿ 2,400 ಜ್ಯೋತಿರ್ವರ್ಷದಷ್ಟು ಬಂದ ದಪ್ಪ 2,900 ಆಗುತ್ತದೆ ಎಂದು ಅವರು ಬಿಡಿಸಿ ಬರೆದರು. ಎರಡೂ ಅಂಕಿ ಓದುಗನ ಮುಂದಿವೆ. ಒಪ್ಪಿಗೆ ಬದಲಾದರೆ ಉತ್ತರ ಎಷ್ಟು ಬದಲಾಗುತ್ತದೆಂದು ಯಾರು ಬೇಕಾದರೂ ಲೆಕ್ಕ ಹಾಕಬಹುದು. ನಕ್ಷೆಯಷ್ಟೇ ಅಮೂಲ್ಯ ಈ ಪ್ರಾಮಾಣಿಕತೆ. ಅದೇ ವರ್ಷ ಝೆಲ್ಕೊ ಇವೆಜಿಚ್ ಮತ್ತವರ ತಂಡ 20 ಲಕ್ಷಕ್ಕೂ ಹೆಚ್ಚು ನಕ್ಷತ್ರಗಳ ಲೋಹಪ್ರಮಾಣವನ್ನು ಬಣ್ಣದಿಂದಲೇ ಹೇಳಿತು. ಅದು ಸಾಧ್ಯವಾದದ್ದು ಸಾವಿರಾರು ರೋಹಿತಗಳನ್ನು ಮೊದಲು ತೆಗೆದು, ಬಣ್ಣವನ್ನು ಅವುಗಳೊಂದಿಗೆ ತಾಳೆ ನೋಡಿದ್ದರಿಂದ. ಲೋಹದ ಪಾಠವನ್ನು ದ್ಯುತಿಮಾಪನ ಕಲಿತದ್ದು ರೋಹಿತದಿಂದ ಎಂಬುದನ್ನು ಮರೆಯುವಂತಿಲ್ಲ. ಅಷ್ಟೇ ಅಲ್ಲ, 2012ರಲ್ಲಿ ಜೋ ಬೋವಿ ಮತ್ತು ಜೊತೆಗಾರರು ರೋಹಿತಗಳನ್ನು ಮುಂದಿಟ್ಟು, ತೆಳು ಮತ್ತು ದಪ್ಪ ಎಂಬ ಎರಡು ಪ್ರತ್ಯೇಕ ತಟ್ಟೆಗಳೇ ಇಲ್ಲ, ಲೋಹ ಬದಲಾದಂತೆ ದಪ್ಪವೂ ಸರಾಗವಾಗಿ ಬದಲಾಗುತ್ತದೆ ಎಂದು ವಾದಿಸಿದರು. ಬಣ್ಣದ ಎಣಿಕೆ ಎರಡೆಂದು ಕಂಡದ್ದು ಒಂದೇ ಸರಣಿಯ ಎರಡು ಕೊನೆಗಳಿರಬಹುದು.

ಮೂರನೆಯ ಉದಾಹರಣೆ ಬೆಂಗಳೂರಿನದು, ಬಣ್ಣ ಮಾಡುವ ಮೋಸಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಭೀಮ ಪುಂಜದಲ್ಲಿ ಎಚ್‌ಡಿ 161796 ಎಂಬ ಏಳನೆಯ ಕಾಂತಿಮಾನದ ನಕ್ಷತ್ರವಿದೆ. ಅದೇ ಪುಂಜದ 89ನೆಯ ನಕ್ಷತ್ರ ಕಾಡಂಚಿನ ಕತ್ತಲಿನಲ್ಲಿ ಬರಿಗಣ್ಣಿಗೂ ಹಣಿಕುವಷ್ಟು ಪ್ರಕಾಶದ್ದು. ಎರಡೂ ಆಕಾಶಗಂಗೆಯ ತಳದಿಂದ 20 ಡಿಗ್ರಿಗಿಂತ ದೂರದ ದಿಕ್ಕಿನಲ್ಲಿವೆ. ಬಣ್ಣದಲ್ಲಿ, ರೋಹಿತದ ರೇಖೆಗಳಲ್ಲಿ ಕೂಡ, ಇವು ಥೇಟ್ ಮಹಾದೈತ್ಯಗಳು. ಮಹಾದೈತ್ಯವೆಂದರೆ ಸೂರ್ಯನ ಹತ್ತಾರು ಪಟ್ಟು ತೂಕದ, ಕೆಲವೇ ಕೋಟಿ ವರ್ಷ ಬಾಳುವ ಎಳೆಯ ನಕ್ಷತ್ರ. ಹುಟ್ಟುವುದೂ ಸಾಯುವುದೂ ತಟ್ಟೆಯ ಧೂಳು ಅನಿಲಗಳ ನಡುವೆಯೇ. ನಿಜಕಾಂತಿಮಾನ, ಅಂದರೆ ನಿಜ ಪ್ರಕಾಶದ ಅಳತೆ, ಮೈನಸ್ 8 ಎಂದು ಹಿಡಿದು ಲೆಕ್ಕ ಹಾಕಿದರೆ ಎಚ್‌ಡಿ 161796 ತಳದಿಂದ 17 ಸಾವಿರ ಜ್ಯೋತಿರ್ವರ್ಷ ಮೇಲೆ ಇರಬೇಕಾಗುತ್ತದೆ. ನಕ್ಷತ್ರ ಹುಟ್ಟಲು ಅನಿಲವೇ ಇಲ್ಲದ ಅಲ್ಲಿ ಎಳೆಯ ಮಹಾದೈತ್ಯ ಹೇಗೆ ಬಂತು? ವಿಲಿಯಂ ಬಿಡೆಲ್‌ಮನ್ 1951ರಲ್ಲೇ ಇಂಥ ನಕ್ಷತ್ರಗಳತ್ತ ಬೆರಳು ತೋರಿಸಿದ್ದರು. ಒಗಟು ದಶಕಗಳ ಕಾಲ ಹಾಗೇ ಉಳಿದಿತ್ತು.

ಭಾರತೀಯ ಖಭೌತ ಸಂಸ್ಥೆಯ ಎಂ. ಪಾರ್ಥಸಾರಥಿ, ನೆದರ್ಲೆಂಡ್ಸ್‌ನ ಸ್ಟುವರ್ಟ್ ಪೊಟಾಷ್ ಜೊತೆಗೂಡಿ 1986ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಅವರು ನೆಚ್ಚಿದ್ದೂ ದ್ಯುತಿಮಾಪನವನ್ನೇ, ಆದರೆ ಕಣ್ಣಿಗೆ ಕಾಣದ ಬಣ್ಣಗಳಲ್ಲಿ. 1983ರಲ್ಲಿ ಹಾರಿದ ಐರಾಸ್ ಉಪಗ್ರಹ 12, 25, 60, 100 ಮೈಕ್ರಾನ್ ಎಂಬ ನಾಲ್ಕು ಅವಕೆಂಪು ಪಟ್ಟಿಗಳಲ್ಲಿ ಆಕಾಶವನ್ನು ಅಳೆದಿತ್ತು. ಎಚ್‌ಡಿ 161796 ಮತ್ತು ಅದರ ಸಂಗಾತಿಗಳು ಅಲ್ಲಿ ನಕ್ಷತ್ರಕ್ಕೆ ಹೊಂದದಷ್ಟು ಬೆಳಗುತ್ತಿದ್ದವು. ಸುತ್ತ ತಂಪಾದ ಧೂಳಿನ ಕವಚವಿದೆ, ಆ ಧೂಳು ನಕ್ಷತ್ರವೇ ಉಗುಳಿದ್ದು ಎಂಬುದು ಅವರ ಓದು. ಹಾಗಿದ್ದರೆ ಇದು ಎಳೆಯ ಮಹಾದೈತ್ಯವಲ್ಲ, ಸೂರ್ಯನಂಥ ಕಡಿಮೆ ತೂಕದ ಮುದಿ ನಕ್ಷತ್ರ. ಹೊರಪದರಗಳನ್ನು ಕಳಚಿಕೊಂಡು, ಗ್ರಹೀಯ ನೀಹಾರಿಕೆಯಾಗುವ ದಾರಿಯಲ್ಲಿ ಸ್ವಲ್ಪ ಕಾಲ ಮಹಾದೈತ್ಯದ ವೇಷ ತೊಟ್ಟಿದೆ. ಪ್ರಕಾಶ ಬಹಳ ಕಡಿಮೆಯಾದ್ದರಿಂದ ದೂರವೂ ಇಳಿಯುತ್ತದೆ, ಒಗಟೂ ಬಗೆಹರಿಯುತ್ತದೆ.

ಈ ಕೆಲಸವನ್ನು ನಾನು ಮೇಲಿನ ಸಾಲಿನಲ್ಲಿಡುವುದು ನಮ್ಮೂರಿನದೆಂಬ ಅಭಿಮಾನಕ್ಕಲ್ಲ. ಬೆರಳೆಣಿಕೆಯ ನಕ್ಷತ್ರಗಳಿಂದ ಅದು ಸಾಧಿಸಿದ್ದನ್ನು ಕೋಟಿ ನಕ್ಷತ್ರಗಳ ಪಟ್ಟಿ ಸಾಧಿಸುತ್ತಿರಲಿಲ್ಲ. ಹಳೆಯ ಬಣ್ಣಪಟ್ಟಿಗಳಲ್ಲೇ ಇನ್ನಷ್ಟು ನಿಖರವಾಗಿ ಅಳೆಯುತ್ತ ಕೂತಿದ್ದರೆ ತಪ್ಪು ದೂರ ಇನ್ನಷ್ಟು ನಿಖರವಾಗುತ್ತಿತ್ತು, ಅಷ್ಟೇ. ಬೇಕಾಗಿದ್ದುದು ಬೇರೆ ತರಂಗಾಂತರ, ಜೊತೆಗೆ ‘ಇದು ಮಹಾದೈತ್ಯ’ ಎಂಬ ಒಪ್ಪಿಗೆಯನ್ನೇ ಶಂಕಿಸುವ ಮನಸ್ಸು. ಇದರ ಮಿತಿಯನ್ನೂ ಹೇಳಬೇಕು. ಅವಕೆಂಪು ಹೆಚ್ಚಿದೆ ಎಂದ ಮಾತ್ರಕ್ಕೆ ಧೂಳು ಕವಚದಂತೆ ಸುತ್ತಲೂ ಹರಡಿದೆ ಎಂದಾಗುವುದಿಲ್ಲ. ಭೀಮ ಪುಂಜದ 89ನೆಯದು ಜೋಡಿ ನಕ್ಷತ್ರ, ಅದರ ಧೂಳು ಜೋಡಿಯ ಸುತ್ತ ಬಿಲ್ಲೆಯಾಗಿ ನಿಂತಿದೆ ಎಂಬುದು ಆಮೇಲೆ ಬೇರೆ ವಿಧಾನಗಳಿಂದ ತಿಳಿಯಿತು. ಧೂಳಿದೆ ಎಂದು ಬಣ್ಣ ಹೇಳಬಲ್ಲದು, ಧೂಳಿನ ಆಕಾರ ಹೇಳಲಾರದು.

ಕರ್ನಾಟಕದ ಇನ್ನೊಂದು ಕಾಣಿಕೆ ಯುವಿಐಟಿ. 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿರುವ ಈ ನೇರಳಾತೀತ ದೂರದರ್ಶಕ ಹೊಸಕೋಟೆಯಲ್ಲಿರುವ ಖಭೌತ ಸಂಸ್ಥೆಯ ಆವರಣದಲ್ಲಿ ಜೋಡಣೆಯಾಯಿತು. ಅನ್ನಪೂರ್ಣಿ ಸುಬ್ರಮಣಿಯಂ ಮತ್ತವರ ಸಂಗಡಿಗರು ಅದನ್ನು ಗೋಳಗುಚ್ಛಗಳತ್ತ ತಿರುಗಿಸಿದರು. ದಕ್ಷಿಣ ಧ್ರುವಕ್ಕೆ ಅಂಟಿಕೊಂಡಂತಿರುವ ಎನ್‌ಜಿಸಿ 288, ಸಹದೇವ ಪುಂಜದ ಎನ್‌ಜಿಸಿ 5466 ಅವುಗಳಲ್ಲಿ ಸೇರಿವೆ. ಈ ಆಯ್ಕೆ ಜಾಣತನದ್ದು. ಗುಚ್ಛದ ನಕ್ಷತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ದೂರದಲ್ಲಿ, ಒಂದೇ ವಯಸ್ಸಿನಲ್ಲಿ ಇರುತ್ತವೆ. ಲೋಹದ ಪ್ರಮಾಣವೂ ಬಹುಮಟ್ಟಿಗೆ ಒಂದೇ. ಬಣ್ಣದ ಹಿಂದಿನ ಗಂಟುಗಳಲ್ಲಿ ಹೆಚ್ಚಿನವು ನೋಡುವ ಮೊದಲೇ ಬಿಚ್ಚಿಕೊಂಡಿರುತ್ತವೆ.

ಸ್ನೇಹಲತಾ ಸಾಹು ಮತ್ತು ತಂಡದ 2019ರ ಪ್ರಬಂಧ ಎನ್‌ಜಿಸಿ 5466ರ ಹೊರ ಅಂಚಿನ ಒಂದು ‘ನೀಲಿ ಅಲೆಮಾರಿ’ಯನ್ನು ಕುರಿತದ್ದು. ಗುಚ್ಛದ ವಯಸ್ಸಿಗೆ ಹೊಂದದಷ್ಟು ನೀಲಿಯಾಗಿ, ಪ್ರಕಾಶಮಾನವಾಗಿ ಉಳಿದಿರುವ ನಕ್ಷತ್ರಗಳಿಗೆ ಈ ಹೆಸರು. ನೇರಳಾತೀತದಿಂದ ಅವಕೆಂಪಿನವರೆಗಿನ ಪಟ್ಟಿಗಳ ಅಳತೆ ಕೂಡಿಸಿದಾಗ ಒಂದೇ ತಾಪಮಾನದ ನಕ್ಷತ್ರದಿಂದ ಆ ಬೆಳಕು ಹೊಂದಲಿಲ್ಲ, ಪಕ್ಕದಲ್ಲಿ ಬಿಸಿಯಾದ ಶ್ವೇತಕುಬ್ಜವೊಂದು ಇರಬೇಕು ಎಂದಾಯಿತು. ಗುಚ್ಛದ ಅಂಚಿನಲ್ಲಿ ನಕ್ಷತ್ರಗಳು ಢಿಕ್ಕಿ ಹೊಡೆಯುವುದು ಅಪರೂಪ. ಆದ್ದರಿಂದ ಜೊತೆಗಾರ ನಕ್ಷತ್ರ ತನ್ನ ದ್ರವ್ಯವನ್ನು ಸುರಿದು ತಾನು ಶ್ವೇತಕುಬ್ಜವಾಗಿ ಉಳಿದದ್ದು ನಂಬಬಹುದಾದ ಕತೆ. ವಾದ ಬಿಗಿಯಾಗಿದೆ. ಆದರೆ ಈ ವಿಧಾನವೇ ವಾಡಿಕೆಯಾದಾಗ ನನಗೆ ಅಳುಕು. ಒಂದು ತಾಪಮಾನ ಹೊಂದದಿದ್ದಾಗ ಎರಡನೆಯದನ್ನು ಸೇರಿಸಿದರೆ ಗ್ರಾಫ್ ಯಾವಾಗಲೂ ಚೆನ್ನಾಗಿಯೇ ಹೊಂದುತ್ತದೆ. ನೇರಳಾತೀತದ ಹೆಚ್ಚಳಕ್ಕೆ ನಕ್ಷತ್ರದ ಮೇಲ್ಮೈಯ ಚಟುವಟಿಕೆಯೂ ಕಾರಣವಾಗಬಹುದು. ಯುವಿಐಟಿಯ ‘ಸಮೀಪ ನೇರಳಾತೀತ’ ವಾಹಿನಿ 2018ರಲ್ಲಿ ನಿಂತುಹೋದ ಮೇಲೆ ತೆಗೆದ ಚಿತ್ರಗಳಲ್ಲಿ ಹೊಂದಿಸಿ ನೋಡುವ ಬಿಂದುಗಳೂ ಕಡಿಮೆಯಾದವು. ಜೊತೆಗಾರ ಇದೆ ಎಂಬುದನ್ನು ರೋಹಿತದಲ್ಲಿ ಕಾಣುವ ವೇಗದ ಏರಿಳಿತದಿಂದ ಪರೀಕ್ಷಿಸಿದಾಗಲೇ ಅದು ಪೂರ್ತಿ ಸಾಬೀತಾಗುತ್ತದೆ.

ನೇರವಾಗಿ ದೂರ ಅಳೆಯುವ ಗಾಯಾ ಬಂದ ಮೇಲೆ ಬಣ್ಣದಿಂದ ದೂರ ಊಹಿಸುವ ಕಷ್ಟವೇಕೆ ಎಂದು ಕೇಳುವವರಿದ್ದಾರೆ. 10 ಸಾವಿರ ಜ್ಯೋತಿರ್ವರ್ಷ ದೂರದ ನಕ್ಷತ್ರ ಭೂಮಿಯ ಸುತ್ತಾಟದಿಂದ ಓಲಾಡುವ ಕೋನ ಒಂದು ಆರ್ಕ್‌ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಮೂರನೇ ಒಂದು ಪಾಲು. ಅದು 20ನೆಯ ಕಾಂತಿಮಾನದ ಮಸುಕು ನಕ್ಷತ್ರವಾದರೆ ಗಾಯಾದ ಅಳತೆಯ ಅನಿಶ್ಚಿತತೆಯೇ ಇದಕ್ಕಿಂತ ದೊಡ್ಡದು. ಹತ್ತಿರದ ನಕ್ಷತ್ರಗಳ ಮಟ್ಟಿಗೆ ಗಾಯಾ ಬಣ್ಣದ ವಿಧಾನವನ್ನು ತಿದ್ದಿ ಗಟ್ಟಿ ಮಾಡಿತು. ದೂರದವುಗಳಿಗೆ ಆ ತಿದ್ದಿದ ವಿಧಾನವೇ ಗತಿ.

ವೀರನಹೊಸಹಳ್ಳಿಯಂಥ ಊರಿನವರೂ ಈ ವಿಧಾನವನ್ನು ಒರೆಗೆ ಹಚ್ಚಬಹುದು. ಮೇಷ ಪುಂಜದ ಎಕ್ಸ್ ಎರೈಟಿಸ್ ಆರ್‌ಆರ್ ಲೈರೇ ಜಾತಿಯ ಮಿಡಿಯುವ ನಕ್ಷತ್ರ, ಲೋಹ ತೀರ ಕಡಿಮೆಯಿರುವ ಹೊರವಲಯದ ಜೀವಿ. ಡಿಸೆಂಬರಿನ ತಿಳಿ ಆಕಾಶದಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ ಈ ಊರಿನ ನೆತ್ತಿಯ ಮೇಲೇ ಬರುತ್ತದೆ. 15 ಗಂಟೆ 38 ನಿಮಿಷಕ್ಕೊಮ್ಮೆ 9 ಮತ್ತು 10ನೆಯ ಕಾಂತಿಮಾನಗಳ ನಡುವೆ ಏರಿಳಿಯುತ್ತದೆ. ಸ್ಟ್ಯಾಂಡಿನ ಮೇಲೆ ಕೂರಿಸಿದ ಡಿಎಸ್‌ಎಲ್‌ಆರ್ ಕ್ಯಾಮೆರಾ, ಚಿತ್ರದ ಹಸಿರು ಭಾಗವನ್ನು ಅಳೆಯುವ ಒಂದು ಉಚಿತ ಸಾಫ್ಟ್‌ವೇರ್, ಪಕ್ಕದ ಸ್ಥಿರ ನಕ್ಷತ್ರಗಳ ಕಾಂತಿಮಾನ: ಇಷ್ಟಿದ್ದರೆ ಹಲವು ರಾತ್ರಿಗಳ ಅಳತೆ ಜೋಡಿಸಿ ಪೂರ್ಣ ಏರಿಳಿತ ಬರೆಯಬಹುದು. ಕಾಡಂಚಿನಲ್ಲಿ ಆನೆ ಓಡಾಡುವುದರಿಂದ ಬಯಲಿಗೆ ಹೋಗುವ ಮಾತಿಲ್ಲ, ಶಾಲೆಯ ತಾರಸಿಯೇ ಸಾಕು. ಈ ಜಾತಿಯವುಗಳ ನಿಜಕಾಂತಿಮಾನ ಅರ್ಧದ ಆಸುಪಾಸು ಎಂದು ಗೊತ್ತಿರುವುದರಿಂದ ಮಕ್ಕಳೇ ದೂರವನ್ನೂ ಲೆಕ್ಕ ಹಾಕಬಹುದು. ಉತ್ತರ ಮಾತ್ರ ಗಾಯಾ ಹೇಳುವ ಸುಮಾರು 1,750 ಜ್ಯೋತಿರ್ವರ್ಷಕ್ಕಿಂತ ಕಾಲು ಭಾಗದಷ್ಟು ಹೆಚ್ಚೇ ಬರುತ್ತದೆ. ಏಕೆಂದರೆ ತಳದಿಂದ 40 ಡಿಗ್ರಿ ದೂರದ ಆ ದಿಕ್ಕಿನಲ್ಲೂ ಅರ್ಧ ಕಾಂತಿಮಾನದಷ್ಟು ಬೆಳಕು ನುಂಗುವ ಧೂಳಿದೆ. ತಳದಿಂದ ದೂರ ಹೋದರೆ ಧೂಳಿಲ್ಲ ಎಂಬ ಪುಸ್ತಕದ ಮಾತನ್ನು ತಾವೇ ಅಳೆದು ಅಲ್ಲಗಳೆಯುವ ಅವಕಾಶ ಹೈಸ್ಕೂಲು ಮಕ್ಕಳಿಗೆ ಬೇರೆಲ್ಲಿ ಸಿಗುತ್ತದೆ? ನಮ್ಮ ನಕ್ಷತ್ರ ವೀಕ್ಷಣೆಯ ಕಾರ್ಯಕ್ರಮಗಳು ಶನಿಯ ಬಳೆ ತೋರಿಸಿ ಮುಗಿಯುತ್ತವೆ. ಅಳತೆಯವರೆಗೂ ಹೋಗುವುದಿಲ್ಲ, ಅಳತೆಯ ತಪ್ಪಿನವರೆಗಂತೂ ಇಲ್ಲವೇ ಇಲ್ಲ.

ಒಟ್ಟಿನ ಮೇಲೆ ನನ್ನ ತೂಕ ಹೀಗೆ. ಎಲ್ಲಿ ಅಗೆಯಬೇಕೆಂದು ತೋರಿಸುವುದರಲ್ಲಿ ದ್ಯುತಿಮಾಪನಕ್ಕೆ ಸಾಟಿಯಿಲ್ಲ. ಅಲ್ಲಿ ಸಿಕ್ಕಿದ್ದು ಏನೆಂದು ತೀರ್ಪು ಕೊಡುವ ಅಧಿಕಾರ ಮಾತ್ರ ಅದಕ್ಕೆ ಒಂಟಿಯಾಗಿ ಇಲ್ಲ. 2025ರ ಜೂನ್‌ನಲ್ಲಿ ಮೊದಲ ಚಿತ್ರಗಳನ್ನು ಕೊಟ್ಟ ಚಿಲಿಯ ರೂಬಿನ್ ವೀಕ್ಷಣಾಲಯ ಹತ್ತು ವರ್ಷ ಆರು ಪಟ್ಟಿಗಳಲ್ಲಿ ದಕ್ಷಿಣ ಆಕಾಶವನ್ನು ಅಳೆಯಲಿದೆ. ಆಗ ಬಣ್ಣಗಳಿಗೆ ಬರವಿರುವುದಿಲ್ಲ, ಬಣ್ಣದ ಹಿಂದಿನ ಒಪ್ಪಿಗೆಗಳನ್ನು ಪರೀಕ್ಷಿಸುವ ರೋಹಿತಗಳಿಗೆ ಬರ. ಹೊಸಕೋಟೆಯಿಂದ ನಡೆಸುವ ಹಾನ್ಲೆಯ 2 ಮೀಟರ್ ದೂರದರ್ಶಕ, ಕಾವಲೂರಿನ 2.34 ಮೀಟರ್ ದೂರದರ್ಶಕ ರೂಬಿನ್ ಕಾಣುವ ಮಸುಕಿನವರೆಗೆ ತಲುಪಲಾರವು. ಆದರೆ ಅದೇ ಜಾತಿಯ ಹತ್ತಿರದ, ಪ್ರಕಾಶಮಾನ ನಕ್ಷತ್ರಗಳಲ್ಲಿ ಲೋಹವೆಷ್ಟು, ಜೋಡಿ ಇದೆಯೇ, ಧೂಳು ಯಾರದು ಎಂದು ಒಂದೊಂದಾಗಿ ವಿಚಾರಿಸಬಲ್ಲವು. ಹಾನ್ಲೆಯ ರೋಹಿತಲೇಖಿಯಲ್ಲಿ ತಿರುಪತಿ ಶಿವರಾಣಿ ಮತ್ತವರ ತಂಡ ಲೋಹ ಕಡಿಮೆಯಿರುವ ನಕ್ಷತ್ರಗಳ ಮೇಲೆ ಈ ಬಗೆಯ ಕೆಲಸ ಮಾಡುತ್ತ ಬಂದಿದೆ. ಕೋಟಿ ನಕ್ಷತ್ರಗಳ ಪಟ್ಟಿಗೆ ಸಿಗುವ ಚಪ್ಪಾಳೆ ಇಂಥ ಕೆಲಸಕ್ಕೆ ಸಿಗುವುದಿಲ್ಲ. ಆದರೆ ಪಟ್ಟಿಯ ಯಾವ ಸಾಲನ್ನು ನಂಬಬೇಕು, ಯಾವುದನ್ನು ನಂಬಬಾರದು ಎಂದು ಹೇಳುವವರು ಇವರೇ. ದೂರದರ್ಶಕದ ರಾತ್ರಿಗಳನ್ನೂ ಹಣವನ್ನೂ ಹಂಚುವವರು ಈ ಲೆಕ್ಕವನ್ನು ಮೊದಲು ನೋಡಲಿ.